ಕೆಂಪು ಪೆನ್‌ಡ್ರೈವ್‌ನವರು

ಟ್ರ್ಯಾಕ್ಟರ್ ಡ್ರೈವರ್‌ಗಳಿಗೆ ಹಾಡು ಹಂಚುತ್ತೇನೆ ಅಂದಾಗ ನಕ್ಕವರೇ ಈಗ ಫೋನ್ ಮಾಡಿ "ಹೆಂಗ ಮಾಡಿದ್ರಿ?" ಅಂತ ಕೇಳುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ, ಗಿಟಾರ್ ಹಿಡಿದು ತತ್ವಪದ ಹಾಡುವ ನಮ್ಮ ಬ್ಯಾಂಡಿನ ಹಾಡು ಹುಡುಗರಿಗೆ ಬಾಯಿಪಾಠ. ಸ್ವಲ್ಪ ಜಂಭ ಅನ್ನಿಸಿದರೂ ಹೇಳಿಬಿಡುತ್ತೇನೆ.

ಮೊದಲ ಎರಡು ವರ್ಷ ಬರೀ ಲಾಸು. ಮೊದಲ ಕಾರ್ಯಕ್ರಮ ಊರ ಜಾತ್ರೆಯಲ್ಲಿ, ನಾಟಕ ಶುರುವಾಗುವ ಮುಂಚೆ. ಸೌಂಡು, ಜನರೇಟರು, ಡ್ರಮ್ ಸೆಟ್ ತಂದ ಟಾಟಾ ಏಸ್ ಎಲ್ಲ ಸೇರಿ 22 ಸಾವಿರ ಆಗಿರಬೇಕು. ಕೈಗೆ ಬಂದಿದ್ದು 5 ಸಾವಿರ, ಒಂದು ಶಾಲು, ಒಂದು ತೆಂಗಿನಕಾಯಿ. ಗಿಟಾರಿಗೆ ದನಿ ಒಡೆದು ಗರಗರ ಅನ್ನಿಸುವ ಡಿಸ್ಟಾರ್ಷನ್ ಸುರಿದಿದ್ದೆ. ಏಳು ಮಾತ್ರೆಯ ತಾಳದಲ್ಲಿದ್ದ ತತ್ವಪದವನ್ನು ಎಳೆದಾಡಿ ನಾಲ್ಕಕ್ಕೆ ಕೂರಿಸಿದ್ದೆವು. ಕೆಳಗಿಳಿದಾಗ ಒಬ್ಬ ಅಜ್ಜ ಕರೆದರು. "ತಮ್ಮಾ, ಬಾರ್ಸೋದು ಚೊಲೋ ಐತಿ. ಆದ್ರ ಪದ ಎಲ್ಲಿ ಹೋತು?"

ಅವತ್ತೇ ಡ್ರಮ್ ಸೆಟ್ಟಲ್ಲಿ ಕಿಕ್, ಸ್ನೇರ್ ಅನ್ನೋ ಎರಡು ಡ್ರಮ್ ಬಿಟ್ಟು ಉಳಿದದ್ದೆಲ್ಲ ಮನೆ ಅಟ್ಟ ಸೇರಿತು. ಕೈಯಲ್ಲಿ ಹಿಡಿದು ಬಡಿಯುವ ದಮ್ಮಡಿ ಮುಂದೆ ಬಂತು. ಏಳು ಏಳಾಗಿಯೇ ಉಳಿಯಿತು.

ಆಮೇಲೆ ರೆಕಾರ್ಡಿಂಗ್. ಹೆಡ್‌ಫೋನ್‌ನಲ್ಲಿ ಭರ್ಜರಿ. ಕಾಕಾನ ಮಗನ ಟ್ರ್ಯಾಕ್ಟರಿನಲ್ಲಿ ಹಾಕಿದರೆ ಎಂಜಿನ್ ಗುಡುಗುಡು ಬಿಟ್ಟು ಏನೂ ಕೇಳಿಸಲಿಲ್ಲ, ಬೇಸ್ ಗಿಟಾರಂತೂ ಪೂರ್ತಿ ಮುಳುಗಿತ್ತು. ಸರಿ, ಅವನ ಪಕ್ಕದ ಮಡ್‌ಗಾರ್ಡ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಎಂಜಿನ್ ಚಾಲೂ ಇಟ್ಟೇ ಮಿಕ್ಸ್ ಮಾಡಿದೆ. ಬೇಸಿನ ತೀರಾ ಕೆಳಗಿನ ಸದ್ದು ಕತ್ತರಿಸಿ ನಡುವಿನದನ್ನು (ಮಿಡ್) ಎತ್ತಿದೆ, ಹಾಡುವವರ ದನಿಯನ್ನು ಮುಂದೆ ತಂದೆ. ನಾಲ್ಕು ದಿನ, ಒಂದು ಕ್ಯಾನ್ ಡೀಸೆಲ್. ಅವನ ಬೈಗುಳ ಬೇರೆ.

ಕೆಂಪು ಬಣ್ಣದ ಪೆನ್‌ಡ್ರೈವ್ ಸುಮಾರು 120 ತಂದೆವು. ಒಂದಕ್ಕೆ 200ರ ಆಸುಪಾಸು. ದುಡ್ಡಿಗೆ ನಮ್ಮ ಬೇಸ್ ಹುಡುಗ ಬೈಕ್ ಮಾರಿದ. ಮೊದಲು ಕೊಟ್ಟಿದ್ದು ಭತ್ತ ಕೊಯ್ಯುವ ಮಷಿನ್ ಓಡಿಸುವವರಿಗೆ. ಸುಗ್ಗಿಯಲ್ಲಿ ಅವರು ಒಂದೇ ಊರಲ್ಲಿ ನಿಲ್ಲುವುದಿಲ್ಲ, ಅಲ್ವಾ? ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಗಳಿಗೂ ಕೊಟ್ಟೆವು. ನಮ್ಮ ಐದು ಹಾಡಿನ ಹಿಂದೆ ಮುಂದೆ ಏನೇನು ತುಂಬಿದ್ದೆವು ಅನ್ನೋದು ಮಾತ್ರ ಕೇಳಬೇಡಿ. ಆಟ ಇರೋದೇ ಅಲ್ಲಿ.

ನಡುವೆ ಒಂದು ಹುಚ್ಚು ಹತ್ತಿತ್ತು. ಏಕತಾರಿಗೆ, ತಂತಿಯ ದನಿ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಕೂರಿಸಬೇಕು ಅಂತ. ಕಂಪನ ಹಿಡಿಯುವ 40 ರೂಪಾಯಿಯ ಪಿಯಜೊ ಬಿಲ್ಲೆಯನ್ನು ಬುರುಡೆಗೆ ಫೆವಿಕ್ವಿಕ್ ಹಾಕಿ ಅಂಟಿಸಿದೆ. ತಂತಿ ಮೀಟಿದರೆ ತಗಡು ಬಡಿದಂಗೆ. ಕಿತ್ತಾಗ ಬುರುಡೆಯ ಚಕ್ಕೆಯೂ ಎದ್ದು ಬಂತು. ಮೂರು ಬುರುಡೆ ಹಾಳಾದವು. ನಾಲ್ಕನೆಯದರಲ್ಲಿ ಬಿಲ್ಲೆಗೂ ಬುರುಡೆಗೂ ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟೆ, ದನಿ ದುಂಡಗಾಯಿತು. ಸ್ಪೀಕರಿನಲ್ಲಿ ಗುಂಯ್ ಅನ್ನುವ ಹಮ್ ಈಗಲೂ ಹೋಗಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಎರಡು ಕಾರ್ಯಕ್ರಮ ನಿಂತವು. ಗದ್ದೆಗೆ ನೀರು ಬರುತ್ತೋ ಇಲ್ಲವೋ ಅಂತ ಕೂತವರ ಹತ್ತಿರ ಅಡ್ವಾನ್ಸ್ ಕೇಳಲು ಬಾಯಿ ಬರಲಿಲ್ಲ. ಆಗಿನಿಂದ ಭತ್ತ ಮಾರಿದ ಮೇಲೆಯೇ ತಾರೀಖು ಹಿಡಿಯುತ್ತೇವೆ.

ಈಗ ಒಂದು ಕಾರ್ಯಕ್ರಮಕ್ಕೆ 40 ಸಾವಿರ ಹೇಳುತ್ತೇವೆ, 35ಕ್ಕೆ ಒಪ್ಪುತ್ತೇವೆ. ಬೇಸ್ ಹುಡುಗನಿಗೆ ಬೈಕ್ ವಾಪಸ್ ಬಂದಿದೆ, ಸೆಕೆಂಡ್ ಹ್ಯಾಂಡ್. ಬ್ಯಾಂಡಿಗೆ ಮೂರು ತಿಂಗಳು ಕೂತು ಒಂದು ಹೆಸರು ಹುಡುಕಿದ್ದೆವು. ಅದು ಯಾರಿಗೂ ಗೊತ್ತಿಲ್ಲ. ಹೋದ ಸಲ ಜಾತ್ರೆ ಕಮಿಟಿಯವರು ಬ್ಯಾನರಿನಲ್ಲಿ ದೊಡ್ಡದಾಗಿ ಹಾಕಿಸಿದ್ದು 'ಕೆಂಪು ಪೆನ್‌ಡ್ರೈವ್‌ನವರು' ಅಂತ.