ಕಿತ್ತಳೆ ಟೆಂಪೋದಲ್ಲಿ ನೀಲಿ ಜೆರ್ಸಿ: ಕಾರವಾರದಿಂದ ಫತೋರ್ಡಾಕ್ಕೆ ಹೋಗಿ ಅದೇ ರಾತ್ರಿ ಮನೆ ಸೇರಿದ ಲೆಕ್ಕ

ಕಾರವಾರದಲ್ಲಿದ್ದುಕೊಂಡು ನೀಲಿ ಜೆರ್ಸಿಯ ಫುಟ್ಬಾಲ್ ತಂಡ ಬೆಂಗಳೂರು ಎಫ್‌ಸಿಗೆ ಜೈ ಅನ್ನುವವರ ಪಾಡು ಗೊತ್ತಲ್ವಾ? ನಮ್ಮದೇ ಮೈದಾನ ಕಂಠೀರವ 500 ಕಿಲೋಮೀಟರ್ ಆಚೆ. ಕಿತ್ತಳೆ ಜೆರ್ಸಿಯ ಎದುರಾಳಿ ಎಫ್‌ಸಿ ಗೋವಾದ ಮೈದಾನ, ಮಡಗಾಂವ್‌ನ ಫತೋರ್ಡಾ, ಬರೀ 70 ಕಿಲೋಮೀಟರ್. ಹಾಗಾಗಿ ನಮ್ಮ ತಂಡವನ್ನು ಕಣ್ಣಾರೆ ನೋಡಬೇಕೆಂದರೆ ಹೊರಗಿನವರ ಸ್ಟ್ಯಾಂಡಿನಲ್ಲಿ ಕೂತೇ ನೋಡಬೇಕು. ಕಂಠೀರವಕ್ಕೂ ಹೋಗಿದ್ದೇನೆ. ಎರಡು ರಾತ್ರಿ ಸ್ಲೀಪರ್ ಬಸ್ಸು, ಊಟ, ಆಟೋ ಎಲ್ಲ ಸೇರಿ 3,000 ರೂಪಾಯಿ ಹೋಗುತ್ತದೆ, ಮೇಲಿಂದ ಒಂದು ದಿನ ರಜೆ. ಫತೋರ್ಡಾಕ್ಕೆ ನಾನು ಹಾಕಿಕೊಂಡ ಷರತ್ತು ಮೂರು. ಖರ್ಚು 1,000 ದಾಟಬಾರದು. ಅದೇ ರಾತ್ರಿ ಮನೆಗೆ ಬಂದು ಮಲಗಬೇಕು. ಕೊನೇ ವಿಶಲ್ ತನಕ ಸೀಟು ಬಿಟ್ಟು ಏಳಬಾರದು. ಈ ಮೂರೂ ಒಟ್ಟಿಗೆ ಆಗುವ ಮಾತೇ ಅಲ್ಲ ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ಆಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೋಗುವುದು ಕಷ್ಟವೇ ಅಲ್ಲ. ಮಧ್ಯಾಹ್ನ ಯಾವ ಬಸ್ಸು ಹತ್ತಿದರೂ ಮಡಗಾಂವ್. ಬಸ್‌ಸ್ಟ್ಯಾಂಡಿನಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ತಲೆನೋವೆಲ್ಲ ಬರುವಾಗಿನದು. ಪಂದ್ಯ ಹೆಚ್ಚಾಗಿ ಶುರುವಾಗುವುದು ರಾತ್ರಿ 7.30ಕ್ಕೆ, ಮುಗಿಯುವುದು ಒಂಬತ್ತೂವರೆಗೆ. ಆ ಹೊತ್ತಿಗೆ ಕಾರವಾರದ ಕೊನೇ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಬಸ್ಸಿನ ಕಾಲದಲ್ಲಿ ನಾನು ಅರ್ಧ ಪಂದ್ಯ ನೋಡಿ ಓಡಿ ಬಂದಿದ್ದೇ ಹೆಚ್ಚು. 2017ರ ನವೆಂಬರ್ 30ರಂದು ಮಾತ್ರ ಏಳಲು ಮನಸ್ಸಾಗಲಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಟೂರ್ನಿಯಲ್ಲಿ ಅದು ನಮಗೆ ಮೊದಲ ವರ್ಷ, ಆಗ ಪಂದ್ಯ 8 ಗಂಟೆಗೆ ಬೇರೆ. ನಮ್ಮ ಗೋಲಿ ಗುರ್‌ಪ್ರೀತ್ ಮೊದಲ ಅರ್ಧದಲ್ಲೇ ಕೆಂಪು ಕಾರ್ಡ್ ತಿಂದ. ಹತ್ತೇ ಜನ ಉಳಿದರೂ ನಮ್ಮವರು 3-1ರಿಂದ 3-3ಕ್ಕೆ ತಂದರು. ಅಷ್ಟರಲ್ಲಿ ಗೋವಾದ ಕೋರೊ ತನ್ನ ಮೂರನೇ ಗೋಲು ಹೊಡೆದು 4-3 ಮಾಡಿಬಿಟ್ಟ. ಸೋತು ಹೊರಗೆ ಬಂದರೆ ಬಸ್ಸಿಲ್ಲ. ಬೆಳಗಿನ ತನಕ ಬಸ್‌ಸ್ಟ್ಯಾಂಡಿನ ಬೆಂಚು, ಸೊಳ್ಳೆ, ಮರುದಿನ ಆಫೀಸಿನಲ್ಲಿ ತೂಕಡಿಕೆ. ಖರ್ಚು 500 ಕೂಡ ಆಗಿರಲಿಲ್ಲ, ಅದನ್ನು ಒಪ್ಪಬೇಕು.

ಆಮೇಲೆ ರೈಲು. ಮಡಗಾಂವ್‌ನಿಂದ ದಕ್ಷಿಣಕ್ಕೆ ರಾತ್ರಿ ರೈಲುಗಳಿವೆ, ಆದರೆ ಅವು ಯಾವುವೂ ಫುಟ್ಬಾಲ್ ನೋಡುವವರಿಗಾಗಿ ಓಡುವುದಿಲ್ಲವಲ್ಲ. ನನಗೆ ಆಗಿಬರುತ್ತಿದ್ದ ಒಂದು ರೈಲು ಪಂದ್ಯ ಮುಗಿಯುವ ಹೊತ್ತಿನ ಆಸುಪಾಸಿಗೇ ಬರುತ್ತಿತ್ತು. ಸ್ಟೇಷನ್ ಇರುವುದು ಊರಿನ ಇನ್ನೊಂದು ಮಗ್ಗುಲಿಗೆ. ಅದು ತಡವಾಗಲಿ ಅಂತ ಬೇಡಿಕೊಳ್ಳುತ್ತಾ ಪೈಲಟ್ ಬೈಕಿನ, ಅಂದರೆ ಗೋವಾದ ಬೈಕ್ ಟ್ಯಾಕ್ಸಿಯ, ಹಿಂದೆ ಕೂತು ಓಡಿದ್ದೇನೆ. ತಪ್ಪಿದರೆ ಇನ್ನೊಂದಕ್ಕೆ ನಡುರಾತ್ರಿ ಕಳೆಯಬೇಕು. ಅಕ್ಟೋಬರ್‌ನಲ್ಲಿ ಪಂದ್ಯ ಬಿದ್ದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಇನ್ನೂ ನಡೆಯುತ್ತಿರಬಹುದು, ಅದನ್ನು ನೋಡದೆ ಹೊರಟರೆ ಲೆಕ್ಕವೆಲ್ಲ ತಲೆಕೆಳಗು. ಇಷ್ಟೆಲ್ಲ ಆಗಿ ಶಿರವಾಡ ಸ್ಟೇಷನ್ನಿನಲ್ಲಿ ಇಳಿದರೆ ಊರೊಳಗೆ ಬರಲು ಆಟೋದವರು ಕೇಳುವ ದುಡ್ಡು ರೈಲಿನ ಟಿಕೆಟ್ಟಿನ ಎರಡು-ಮೂರು ಪಟ್ಟು. ಆ ಅಪರಾತ್ರಿಯಲ್ಲಿ ಚೌಕಾಸಿಗೆ ಯಾರಿಗೆ ತ್ರಾಣ ಇರುತ್ತದೆ?

ಟ್ಯಾಕ್ಸಿ ಒಂದು ಸಲಕ್ಕೆ ಸಾಕಾಯಿತು. 2023ರ ಮಾರ್ಚ್ 18ರ ಫೈನಲ್ ಫತೋರ್ಡಾದಲ್ಲೇ ಇತ್ತು, ಎಟಿಕೆ ಮೋಹನ್ ಬಗಾನ್ ವಿರುದ್ಧ. 2-2 ಆಗಿ, ಹೆಚ್ಚುವರಿ ಸಮಯವೂ ಮುಗಿದು, ಪೆನಾಲ್ಟಿಯಲ್ಲಿ 4-3ಕ್ಕೆ ಸೋತೆವು. ಹೊರಗೆ ಬಂದಾಗ ಟ್ಯಾಕ್ಸಿಯವನು ನನ್ನ ಮುಖ ನೋಡಿಯೇ ರೇಟು ಹೇಳಿದ, ಮೂರೂವರೆ ಸಾವಿರ. ಜೊತೆಗೆ ಹಂಚಿಕೊಳ್ಳಲು ಒಬ್ಬನೇ ಸಿಕ್ಕ, ಅವನೂ ದಾರಿಯಲ್ಲಿ ಸಿಗುವ ಗೋವಾದ ಊರು ಕಾಣಕೋಣದಲ್ಲೇ ಇಳಿದುಬಿಟ್ಟ.

ಬೈಕು ತೆಗೆದುಕೊಂಡು ಹೋದರೆ ಹೆಲ್ಮೆಟ್ಟಿನದೇ ಗೋಳು. ನೀರಿನ ಬಾಟಲಿ, ಪವರ್ ಬ್ಯಾಂಕ್, ಚಿಲ್ಲರೆ ಕಾಸು ಸ್ಟೇಡಿಯಂ ಒಳಗೆ ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹೆಲ್ಮೆಟ್ಟೂ ಬಿಡುವುದಿಲ್ಲ, ಇಟ್ಟುಕೊಳ್ಳುವವರೂ ಇಲ್ಲ. ಬೈಕಿಗೆ ಸರಪಳಿ ಹಾಕಿ ಬಿಗಿದಿದ್ದೆ, ಬಂದು ನೋಡಿದರೆ ಸರಪಳಿ ಇತ್ತು, ಹೆಲ್ಮೆಟ್ ಇರಲಿಲ್ಲ. 1,200 ರೂಪಾಯಿ. ಆ ಮೇಲೆ ಕುಂಕಳ್ಳಿ ದಾಟಿ ಕರ್ಮಲ್ ಘಾಟಿನ ತಿರುವುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬರಿ ತಲೆಯಲ್ಲಿ ಬರಬೇಕು, ಎದುರಿನಿಂದ ಲಾರಿಗಳ ಹೈ ಬೀಮ್. ಗೋವಾ ತಂಡಕ್ಕೆ ಕಾಡುಕೋಣದ ಹೆಸರು ಇದೆಯಲ್ಲ. ಮೈದಾನದ ಕೋಣಗಳನ್ನು ತಾಳಿಕೊಂಡೆ, ಘಾಟಿನಲ್ಲಿ ನಿಜವಾದದ್ದು ಅಡ್ಡ ಬಂದರೆ ಏನು ಗತಿ ಅನ್ನುವುದೇ ಚಿಂತೆ.

ಇಷ್ಟಾದ ಮೇಲೆ ಹೊಳೆದದ್ದು ಇದು. ಕಾರವಾರದಿಂದ ಪ್ರತಿ ಸೀಸನ್ನಿನಲ್ಲೂ ಫತೋರ್ಡಾಕ್ಕೆ ಹೋಗುವವರು ಇದ್ದೇ ಇದ್ದಾರೆ, ಆದರೆ ಅವರೆಲ್ಲ ಗೋವಾದ ಕಡೆಯವರು. ಅದರಲ್ಲಿ ಆಶ್ಚರ್ಯವಿಲ್ಲ. ಅರ್ಧ ಊರಿನ ನೆಂಟರು ಅಲ್ಲಿ, ಕೆಲಸ ಅಲ್ಲಿ, ಮನೆಮಾತು ಕೊಂಕಣಿ. ಮಾಲಾದೇವಿ ಮೈದಾನದಲ್ಲಿ ಸಂಜೆ ನಿಂತರೆ ಕಿತ್ತಳೆ ಜೆರ್ಸಿಯೇ ಕಣ್ಣಿಗೆ ಬೀಳುವುದು. ಅವರ ಗುಂಪಿಗೂ ಒಂದು ಕೊರತೆ ಇತ್ತು: ಒಂಬತ್ತು ಜನ ಇದ್ದರು, ಟೆಂಪೋ ಟ್ರಾವೆಲರ್‌ಗೆ ತಲೆ ಸಾಲುತ್ತಿರಲಿಲ್ಲ. ನಾನು ಹೋಗಿ, ನಿಮ್ಮ ಗಾಡಿಯಲ್ಲಿ ನಮ್ಮ ಮೂವರು ನೀಲಿಯವರಿಗೂ ಸೀಟು ಕೊಡಿ ಅಂದೆ.

"ಮಾರಾಯ, ನಿನಗೆ ತಲೆ ಸರಿ ಇದೆಯಾ? ನೀವು ಗೆದ್ದರೆ ಘಾಟಿನಲ್ಲಿ ಇಳಿಸಿ ಬಿಟ್ಟು ಬರ್ತೇವೆ."

"ಇಳಿಸಿ. ಸೀಟಿನ ದುಡ್ಡು ಮಾತ್ರ ಮೊದಲೇ ತಗೊಳ್ಳಿ."

ದುಡ್ಡಿನ ಮಾತು ಬಂದ ಮೇಲೆ ನಗು ನಿಂತಿತು. ನಮ್ಮ ಮನೆಯಲ್ಲೂ ಯಾರೂ ಒಪ್ಪಲಿಲ್ಲ. ಬೆಂಗಳೂರಿನ ನೀಲಿ ಹುಡುಗರಂತೂ ಎದುರಾಳಿಯ ಗಾಡಿಯಲ್ಲಿ ಬರುವವನನ್ನು ನಂಬುವುದು ಹೇಗೆ ಅಂತ ಕಾಲೆಳೆದರು.

ಆದರೆ ನನ್ನ ನಿಜವಾದ ಉಪಾಯ ಸೀಟು ಕೇಳಿದ್ದಲ್ಲ, ಗಾಡಿ ಹತ್ತುವ ಜಾಗ. ಕಾರವಾರದ ಹಳದಿ ಬೋರ್ಡ್ ಗಾಡಿ ಹಿಡಿದರೆ ಗಡಿ ದಾಟಲು ಪರ್ಮಿಟ್ಟು, ತೆರಿಗೆ, ಡ್ರೈವರ್ ಬಾಟಾ. ವಿಚಾರಿಸಿದಾಗ ಎಲ್ಲ ಸೇರಿ 9,000 ಹತ್ತಿರ ಹೇಳಿದ್ದರು. ಗೋವಾದ ಗಾಡಿ ಕಾರವಾರಕ್ಕೆ ಬಂದರೂ ಅದೇ ಕಥೆ. ಹಾಗಾಗಿ ಯಾವ ಗಾಡಿಯೂ ಗಡಿ ದಾಟುವುದು ಬೇಡ ಅಂದೆ. ನಾವು ಬೈಕಿನಲ್ಲಿ ಕಾಳಿ ಸೇತುವೆ, ಸದಾಶಿವಗಡ ದಾಟಿ ಗಡಿಯ ಈಚೆ ಇರುವ ಮಾಜಾಳಿಗೆ ಹೋಗುವುದು. ಅಲ್ಲಿ ಒಬ್ಬರ ಅಂಗಳದಲ್ಲಿ ಬೈಕು, ಹೆಲ್ಮೆಟ್ ಎರಡೂ ಇಡುವುದು. ನಡೆದು ಗೋವಾ ಬದಿಯ ಪೋಳೆಂ ಕಡೆಗೆ ದಾಟಿದರೆ ಕಾಣಕೋಣದ ಟೆಂಪೋ ಅಲ್ಲಿ ಕಾಯುತ್ತಿರುತ್ತದೆ. ಹೋಗಿಬರಲು 5,000 ಚಿಲ್ಲರೆಗೆ ಒಪ್ಪಿಕೊಂಡರು. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ 430ರ ಹತ್ತಿರ. ಅಂಗಳ ಯಾರದ್ದು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ಪಂದ್ಯಕ್ಕೆ ನನ್ನ ಬೈಕಿಗೇ ಜಾಗ ಇರುವುದಿಲ್ಲ.

ಇದರಿಂದ ಹೆಲ್ಮೆಟ್ ಚಿಂತೆ ಹೋಯಿತು, ಘಾಟಿನಲ್ಲಿ ಬೈಕು ಓಡಿಸುವುದು ತಪ್ಪಿತು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ ಬಂದವಲ್ಲ, ಅಲ್ಲಿ ದೊಡ್ಡ ಗಾಡಿ ಸಿಕ್ಕಿಕೊಳ್ಳುವ ಭಯವೂ ಇಲ್ಲ, ಬೈಕು ಹೇಗೋ ನುಸುಳುತ್ತದೆ. ಪೆಟ್ರೋಲಿನದು ಇನ್ನೊಂದು ಲಾಭ. ಗಡಿಯಾಚೆ ಲೀಟರಿಗೆ ಕೆಲವು ರೂಪಾಯಿ ಕಡಿಮೆ ಇರುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮೊದಲು ಬೈಕನ್ನು ಆಚೆ ಒಯ್ದು ಟ್ಯಾಂಕ್ ತುಂಬಿಸಿ, ವಾಪಸ್ ಮಾಜಾಳಿಗೆ ತಂದು ನಿಲ್ಲಿಸುತ್ತೇನೆ. ಉಳಿದದ್ದರಲ್ಲಿ ಚಹಾ.

ಗಾಡಿಯೊಳಗೆ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಫತೋರ್ಡಾ ತನಕ ನೀಲಿ ಜೆರ್ಸಿ ಮೇಲೆ ಅಂಗಿ ಇರಬೇಕು. ಗೇಟಿನ ಹತ್ತಿರ ಬೇರೆಯಾಗಬೇಕು. ಗೆದ್ದವರು ಕುಂಕಳ್ಳಿ ದಾಟುವ ತನಕ ಬಾಯಿ ಬಿಡಬಾರದು. ಗೆದ್ದ ಕಡೆಯವರೇ ರೋಸ್ ಆಮ್ಲೆಟ್ (ಮಸಾಲೆ ಗಸಿ ಹಾಕಿದ ಗೋವಾದ ಆಮ್ಲೆಟ್) ಕೊಡಿಸಬೇಕು. ಬಾಟಲಿ ಮಾತ್ರ ಬೇಡವೇ ಬೇಡ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಒಬ್ಬನ ಚೀಲದಲ್ಲಿ ಒಂದು ಕ್ವಾರ್ಟರ್ ಸಿಕ್ಕರೆ ಹನ್ನೆರಡೂ ಜನ ಬೆಳಗಿನ ತನಕ ಅಲ್ಲೇ. ಇದನ್ನು ಒಪ್ಪಿಸುವುದಕ್ಕೆ ಉಳಿದೆಲ್ಲದಕ್ಕಿಂತ ಜಾಸ್ತಿ ಕಷ್ಟವಾಯಿತು.

ಪರೀಕ್ಷೆ ಅಂತ ಆದದ್ದು 2025ರ ಏಪ್ರಿಲ್ 6, ಭಾನುವಾರ, ಸೆಮಿಫೈನಲ್ ಎರಡನೇ ಪಂದ್ಯ. ಕಂಠೀರವದಲ್ಲಿ ನಾವು 2-0 ಗೆದ್ದಿದ್ದೆವು. ಹೋಗುವಾಗ ಟೆಂಪೋದಲ್ಲಿ ನಮ್ಮ ಮೂವರಿಗೆ ಒಂಬತ್ತು ಜನರ ಪಾಠ. 2019ರ ಫೈನಲ್ಲಿನ ಸಿಟ್ಟು ಅವರಿಗೆ ಇನ್ನೂ ಹೋಗಿಲ್ಲ. ಮುಂಬೈಯಲ್ಲಿ 117ನೇ ನಿಮಿಷಕ್ಕೆ ನಮ್ಮ ರಾಹುಲ್ ಭೆಕೆ ಹೊಡೆದು ಅವರನ್ನು ಸೋಲಿಸಿದ ಆ ಹೆಡರ್ ಬಗ್ಗೆ ಕಾಣಕೋಣದಿಂದ ಮಡಗಾಂವ್ ತನಕ ಕೇಳಿದೆ.

ನಮ್ಮ ಸ್ಟ್ಯಾಂಡಿನಲ್ಲಿ ನೀಲಿ ಜನ ಅಷ್ಟೇನೂ ಇರಲಿಲ್ಲ, ಸುತ್ತ ಎಲ್ಲ ಕಿತ್ತಳೆ. ನನಗೆ ಒಂದು ಅನುಕೂಲ ಏನೆಂದರೆ ಅವರು ಕೊಂಕಣಿಯಲ್ಲಿ ಏನೇನು ಬೈಯುತ್ತಿದ್ದಾರೆ ಅಂತ ಪೂರ್ತಿ ತಿಳಿಯುತ್ತದೆ. ಬೆಂಗಳೂರಿನಿಂದ ಬಂದವರು ಸುಮ್ನೆ ನಗುತ್ತಾ ಕೂತಿದ್ದರು. ನಾನು ಕೊಂಕಣಿಯಲ್ಲೇ ತಿರುಗಿ ಕೊಟ್ಟೆ. ಬೇಲಿಯಾಚೆ ಇದ್ದವರು ಒಂದು ಗಳಿಗೆ ಬಾಯಿ ಮುಚ್ಚಿ, ಆಮೇಲೆ ನಿನ್ನ ಊರು ಯಾವುದು ಅಂತ ವಿಚಾರಿಸಿದರು. ಬೈಗುಳ ಹೋಗಿ ನೆಂಟಸ್ತಿಕೆ ಹುಡುಕುವ ಮಾತು ಶುರುವಾಯಿತು.

ವಿರಾಮ ಮುಗಿದ ಕೂಡಲೇ ಗೋವಾದ ಬೋರ್ಹಾ ಹೆರೆರಾ ಗೋಲು ಹೊಡೆದ. ಬಸ್ಸಿನ ಕಾಲವಾಗಿದ್ದರೆ ಅದಾದ ಸ್ವಲ್ಪ ಹೊತ್ತಿಗೆ ನಾನು ಎದ್ದಿರುತ್ತಿದ್ದೆ. 88ನೇ ನಿಮಿಷಕ್ಕೆ ಅವರದೇ ಸಾದಿಕು ಇನ್ನೊಂದು ಹೊಡೆದು ಎರಡೂ ಪಂದ್ಯ ಸೇರಿ 2-2 ಮಾಡಿದ. ನನ್ನ ಫೋನು ಒಂದೇ ಸಮನೆ ನಡುಗುತ್ತಿತ್ತು. ಟೆಂಪೋದವರೇ, ಎಲ್ಲರೂ. ತೆಗೆಯಲಿಲ್ಲ. ಹೆಚ್ಚುವರಿ ಸಮಯಕ್ಕೆ ಹೋದರೆ ಡ್ರೈವರ್‌ಗೆ ಕಾಯುವ ದುಡ್ಡು ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುತ್ತಿದ್ದೆ, ನಿಜವಾಗಿ. ಅಷ್ಟರಲ್ಲಿ 90 ದಾಟಿ ಎರಡನೇ ನಿಮಿಷ, ಸುನಿಲ್ ಛೆಟ್ರಿ ತಲೆ ಕೊಟ್ಟ. 40 ವರ್ಷದ ಮನುಷ್ಯ! ಒಟ್ಟು 3-2. ಎಡಗಡೆ ಇದ್ದ ಯಾರೋ ನನ್ನ ಕನ್ನಡಕ ಬೀಳಿಸಿದರು, ಒಂದು ಗಾಜು ಬಿರುಕು ಬಿಟ್ಟಿತು. ಅದಕ್ಕೆ 600 ಬಿತ್ತು, ಪ್ರಯಾಣದ ಲೆಕ್ಕಕ್ಕೆ ಸೇರಿಸಿಲ್ಲ.

ಹೊರಗೆ ಟೆಂಪೋ ನಿಂತ ಜಾಗದಿಂದ ಹತ್ತು ನಿಮಿಷದಲ್ಲಿ ಹೆದ್ದಾರಿ ಸಿಕ್ಕಿತು. ಕಾರು ತಂದವರು ಗಂಟೆಗಟ್ಟಲೆ ಹಾರ್ನ್ ಹೊಡೆಯುತ್ತಿದ್ದರು. ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದೂ ನನ್ನಲ್ಲೇ ಇರಲಿ. ಆಮ್ಲೆಟ್ ಪಾವ್ ನಾವು ಮೂವರು ಕೊಡಿಸಿದೆವು, 12 ಪ್ಲೇಟು, 900ರ ಸುತ್ತ. ತಿನ್ನುವಾಗಲೂ ಯಾರೂ ಮಾತಾಡಲಿಲ್ಲ. ಕುಂಕಳ್ಳಿ ದಾಟಿತು, ಆಗಲೂ ನಾವು ಬಾಯಿ ಬಿಡಲಿಲ್ಲ, ಜೀವ ಮುಖ್ಯ. ಹನ್ನೊಂದೂವರೆಗೆ ಪೋಳೆಂ, ಹನ್ನೆರಡು ಗಂಟೆಗೆ ಹಾಸಿಗೆ. ಸೀಟು 430, ಟಿಕೆಟ್ಟು 300ರ ಆಸುಪಾಸು, ನನ್ನ ಪಾಲಿನ ಆಮ್ಲೆಟ್ 300 ಹಾಕಿದರೆ ಸಾವಿರ ಒಂಚೂರು ದಾಟುತ್ತದೆ. ಗೆದ್ದ ದಂಡ ಅದು, ಸೋತಿದ್ದರೆ 800ರೊಳಗೆ ಮುಗಿಯುತ್ತಿತ್ತು. ಹಾಗಾಗಿ ಷರತ್ತು ಪಾಸು ಅಂತಲೇ ನನ್ನ ತೀರ್ಪು. ಆರು ದಿನದ ಮೇಲೆ ಕೋಲ್ಕತ್ತದ ಫೈನಲ್ಲಿನಲ್ಲಿ ಮೋಹನ್ ಬಗಾನ್‌ಗೆ 2-1 ಸೋತೆವು, ಆ ಮಾತು ಬೇಡ.

ನಡುವೆ ಗುಮಟೆಯ ಪ್ರಯೋಗವನ್ನೂ ಮಾಡಿದ್ದೇನೆ. ನಮ್ಮ ಹಾಲಕ್ಕಿ ಒಕ್ಕಲಿಗರು ಬಾರಿಸುವ, ಮಡಕೆಯ ಬಾಯಿಗೆ ಚರ್ಮ ಬಿಗಿದ ಗುಮಟೆ ಸ್ಟ್ಯಾಂಡಿನಲ್ಲಿ ಕೇಳಿದರೆ ಹೇಗಿರುತ್ತದೆ ಅಂತ ಆಸೆ. ಗೋವಾದಲ್ಲೂ ಅದೇ ವಾದ್ಯ ಘುಮಟ್ ಆಗಿ ಇದೆ, 2019ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಮಾಡಿದೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ಅದಕ್ಕೆ ಕಾನೂನು ಅಡ್ಡ, ನಾನು ತಂದದ್ದು ಆಡಿನ ಚರ್ಮದ್ದು. ಗೇಟಿನಲ್ಲಿ ತಡೆದರು. ಮಣ್ಣಿನ ಮಡಕೆ, ಎಸೆದರೆ ತಲೆ ಒಡೆಯುತ್ತದೆ ಅಂದರು. ಅದೂ ಸರಿಯೇ. ಮುಂದಿನ ಸಲಕ್ಕೆ ಪ್ಲಾಸ್ಟಿಕ್ ಬಿಂದಿಗೆಯ ಬಾಯಿಗೆ ಚರ್ಮ ಬಿಗಿದು ನೋಡಿದೆ. 700 ರೂಪಾಯಿ, ಎರಡು ಭಾನುವಾರ ಹೋಯಿತು, ಬಂದದ್ದು ಬಕೆಟ್ ಬಡಿದ ಸದ್ದು. ಈಗ ಅದರಲ್ಲಿ ಅಮ್ಮ ಗೋಟಡಿಕೆ ಇಟ್ಟಿದ್ದಾಳೆ. ಫೈಬರಿನಲ್ಲಿ ಮಾಡಿಸಬಹುದು ಅಂತ ಅಂಕೋಲಾದ ಒಬ್ಬರು ಹೇಳಿದ್ದಾರೆ, ನೋಡಬೇಕು.

ಶಿರಸಿಯ ಗೆಳೆಯನೊಬ್ಬ ಇದೇ ಲೆಕ್ಕ ತನಗೂ ಆಗುತ್ತದಾ ಅಂತ ಕೇಳಿದ. ಅವನಿಗೆ ಕಾರವಾರಕ್ಕೆ ಬರುವುದಕ್ಕೇ ಮೂರು ಗಂಟೆ, ಹಾಗಾಗಿ ಅದೇ ರಾತ್ರಿ ಮನೆ ಅನ್ನುವುದನ್ನು ಬಿಡಬೇಕು. ನಮ್ಮ ಮನೆಯಲ್ಲಿ ಮಲಗು ಅಂದಿದ್ದೇನೆ. ಆಮ್ಲೆಟ್ ತಿನ್ನುವುದಿಲ್ಲವಾದ್ದರಿಂದ ಅವನಿಗೆ ಖರ್ಚು ಇನ್ನೂ ಕಡಿಮೆ.

ಟಿಕೆಟ್ಟಿನ ವಿಷಯದಲ್ಲಿ ಒಂದೇ ಮಾತು. ಅಗ್ಗ ಅಂತ ಗೋವಾ ಕಡೆಯ ಸ್ಟ್ಯಾಂಡಿನ ಟಿಕೆಟ್ಟು ತೆಗೆದು ನೀಲಿ ಹಾಕಿಕೊಂಡು ಹೋಗಬೇಡಿ, ಗೇಟಿನಲ್ಲೇ ಅಂಗಿ ಬದಲಿಸು ಅನ್ನುತ್ತಾರೆ. ಹೊರಗಿನವರಿಗೆ ಮೀಸಲಿಟ್ಟ ಭಾಗದ ಟಿಕೆಟ್ಟು ಬೆಂಗಳೂರಿನ ಬೆಂಬಲಿಗರ ಗುಂಪಿನ ಮೂಲಕ ಕೇಳುವುದು ಒಂದು ದಾರಿ. ಇನ್ನೊಂದು ದಾರಿಯೂ ಇದೆ, ಗಾಡಿಯಲ್ಲಿ ಜೊತೆಗೆ ಬಂದವರಿಗೆ ಹೇಳುತ್ತೇನೆ.

ಬರುವವರು ಪಂದ್ಯಕ್ಕೆ ನಾಲ್ಕು ದಿನ ಮೊದಲೇ ಹೇಳಬೇಕು. ಒಂಬತ್ತು ಜನಕ್ಕಿಂತ ಕಡಿಮೆಯಾದರೆ ಗಾಡಿ ಹೊರಡುವುದಿಲ್ಲ. ಮುಂಗಡ 200, ವಾಪಸ್ ಇಲ್ಲ. ಕಿಟಕಿ ಪಕ್ಕದ ಸೀಟು ಕಿತ್ತಳೆಯವರು ಹಿಡಿದುಬಿಟ್ಟಿದ್ದಾರೆ, ಅದನ್ನು ಕೇಳಬೇಡಿ.