ಲೀಟರಿನಿಂದ ಕಿಲೋಗೆ: ಮಾಟುಂಗದ ಒಂದು ಉಗ್ರಾಣದ ಲೆಕ್ಕ

ಮುಂಬಯಿಯ ಮಾಟುಂಗದಲ್ಲಿ ಉಡುಪಿ ಹೋಟೆಲೊಂದರ ಉಗ್ರಾಣವನ್ನೂ ಖರೀದಿಯನ್ನೂ ನಾನು ನೋಡಿಕೊಳ್ಳುತ್ತೇನೆ. ಅಕ್ಕಿ, ಬೇಳೆ, ಬೆಲ್ಲ ಕಿಲೋ ಲೆಕ್ಕದಲ್ಲಿ ಒಳಬರುತ್ತವೆ. ಹಾಲು ಲೀಟರ್ ಲೆಕ್ಕದಲ್ಲಿ ಬರುತ್ತದೆ. ಎಣ್ಣೆ ಎರಡೂ ರೀತಿಯಲ್ಲಿ ಬರುತ್ತದೆ. ಅಡುಗೆಮನೆಯ ಭಟ್ಟರು ಕೇಳುವುದು ಮಾತ್ರ ಪಾವು, ಸೌಟು, ತಪೇಲೆಗಳಲ್ಲಿ. ತಿಂಗಳ ಕೊನೆಗೆ ಮಾಲೀಕರ ಮುಂದಿಡುವ ಖರ್ಚಿನ ಪಟ್ಟಿಯಲ್ಲಿ ಇವೆಲ್ಲವೂ ಒಂದೇ ಮಾನಕ್ಕೆ ಬರಬೇಕಾದ್ದರಿಂದ, ಎಲ್ಲವನ್ನೂ ಕಿಲೋಗ್ರಾಂಗೆ ತರುವ ಪದ್ಧತಿಯನ್ನು ನಾನು ರೂಢಿಸಿಕೊಂಡೆ.

ಗ್ರಾಂನಿಂದ ಕಿಲೋಗೆ, ಮಿಲಿಲೀಟರಿನಿಂದ ಲೀಟರಿಗೆ ಹೋಗುವುದು ಕಷ್ಟವಲ್ಲ. 1000ದಿಂದ ಭಾಗಿಸಿದರೆ, ಅಂದರೆ ದಶಮಾಂಶ ಬಿಂದುವನ್ನು ಮೂರು ಸ್ಥಾನ ಎಡಕ್ಕೆ ಸರಿಸಿದರೆ ಆಯಿತು. ತೊಡಕು ಇರುವುದು ಗಾತ್ರದಿಂದ ತೂಕಕ್ಕೆ ದಾಟುವಲ್ಲಿ. ನೀರಿನ ಮಟ್ಟಿಗೆ ಈ ದಾಟುವಿಕೆಯೂ ಸುಲಭ, ಏಕೆಂದರೆ 1795ರಲ್ಲಿ ಫ್ರಾನ್ಸ್ ಗ್ರಾಂ ಮಾನವನ್ನು ನಿರ್ಧರಿಸಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕದ ಮೇಲೆ. ಇಂದಿನ ವ್ಯಾಖ್ಯೆ ಬೇರೆಯಾದರೂ ಒಂದು ಲೀಟರ್ ನೀರು ಒಂದು ಕಿಲೋ ಎಂಬ ಲೆಕ್ಕ ಅಡುಗೆಮನೆಗೆ ಧಾರಾಳವಾಗಿ ಸಾಕು. ಬೇರೆ ಪದಾರ್ಥಗಳಿಗೆ ಸಾಂದ್ರತೆ, ಅಂದರೆ ಅದರ ಒಂದು ಲೀಟರ್ ಎಷ್ಟು ಕಿಲೋ ತೂಗುತ್ತದೆ ಎಂಬುದು, ಗೊತ್ತಿರಬೇಕು: ಲೀಟರನ್ನು ಸಾಂದ್ರತೆಯಿಂದ ಗುಣಿಸಿದರೆ ಕಿಲೋ, ಕಿಲೋವನ್ನು ಸಾಂದ್ರತೆಯಿಂದ ಭಾಗಿಸಿದರೆ ಲೀಟರ್.

ಇದರಲ್ಲಿ ಹಣ ಅಡಗಿರುವುದು ಎಣ್ಣೆಯ ಡಬ್ಬದಲ್ಲಿ. ಪೇಟೆಯಲ್ಲಿ 15 ಲೀಟರಿನ ಡಬ್ಬವೂ 15 ಕಿಲೋದ ಡಬ್ಬವೂ ಅಕ್ಕಪಕ್ಕದಲ್ಲೇ ಇರುತ್ತವೆ, ನೋಟಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸೂರ್ಯಕಾಂತಿ ಎಣ್ಣೆಯ ಸಾಂದ್ರತೆ ನಮ್ಮ ಸೆಕೆಯಲ್ಲಿ ಸುಮಾರು 0.91. ಆದ್ದರಿಂದ 15 ಲೀಟರಿನ ಡಬ್ಬದಲ್ಲಿರುವುದು 13.65 ಕಿಲೋ ಎಣ್ಣೆ. 15 ಕಿಲೋದ ಡಬ್ಬದಲ್ಲಿರುವುದು ಹತ್ತಿರಹತ್ತಿರ 16.5 ಲೀಟರ್. ಮೊದಲನೆಯದರ ಬೆಲೆ 2,000 ರೂಪಾಯಿ, ಎರಡನೆಯದರ ಬೆಲೆ 2,130 ರೂಪಾಯಿ ಎಂದಿಟ್ಟುಕೊಳ್ಳೋಣ. ಅಗ್ಗವೆಂದು ತೋರುವ ಮೊದಲ ಡಬ್ಬದಲ್ಲಿ ಕಿಲೋಗೆ 146 ರೂಪಾಯಿಗೂ ಹೆಚ್ಚು ಬೀಳುತ್ತದೆ, ದುಬಾರಿಯೆಂದು ತೋರುವ ಎರಡನೆಯದರಲ್ಲಿ 142 ರೂಪಾಯಿ. ಫೋನಿನಲ್ಲಿ ದರ ಕೇಳುವಾಗ 'ಡಬ್ಬಕ್ಕೆ ಎಷ್ಟು' ಎಂದು ಕೇಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಲೀಟರೋ ಕಿಲೋ ಎಂಬುದನ್ನು ಮೊದಲು ಹೇಳಿಸಿಕೊಂಡು ಆಮೇಲೆ ದರದ ಮಾತು.

ಸಾಂದ್ರತೆಯ ಅಂಕಿಗಳನ್ನು ಎಲ್ಲಿಂದಲೋ ಬರೆದುಕೊಳ್ಳುವ ಬದಲು ಉಗ್ರಾಣದಲ್ಲೇ ಅಳೆದುಕೊಳ್ಳಬಹುದು. ಕತ್ತು ಕಿರಿದಾದ, ಸುಮಾರು ಒಂದು ಲೀಟರ್ ಹಿಡಿಯುವ ಬಾಟಲಿ ಬೇಕು. ಬಾಯಿ ಅಗಲವಾದ ಪಾತ್ರೆಯಲ್ಲಿ ಮಟ್ಟ ಕೂದಲೆಳೆಯಷ್ಟು ತಪ್ಪಿದರೂ ಹಲವು ಗ್ರಾಂ ಹೆಚ್ಚುಕಡಿಮೆಯಾಗುತ್ತದೆ. ಖಾಲಿ ಬಾಟಲಿಯನ್ನು ಎಲೆಕ್ಟ್ರಾನಿಕ್ ಕಾಂಟಾದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಕತ್ತಿನ ಗುರುತಿನವರೆಗೆ ನೀರು ತುಂಬಿ ತೂಗಬೇಕು. ಬಾಟಲಿಯನ್ನು ಪೂರ್ತಿ ಒಣಗಿಸಿ, ಅದೇ ಗುರುತಿನವರೆಗೆ ಎಣ್ಣೆ ತುಂಬಿ ಮತ್ತೆ ತೂಗಬೇಕು. ಎಣ್ಣೆಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದಾಗ ಬರುವುದೇ ನಮಗೆ ಬೇಕಾದ ಅಂಕಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ತೂಗುವುದು ಸುಮಾರು 996 ಗ್ರಾಂ. ಈ ನಾಲ್ಕು ಗ್ರಾಂಗಳನ್ನು ಹೋಟೆಲಿನಲ್ಲಿ ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ. ಅಳೆಯುವ ಎಣ್ಣೆ ಮಾತ್ರ ತಣ್ಣಗಿರಬೇಕು, ಏಕೆಂದರೆ ಬಾಣಲೆಯಲ್ಲಿ ಕಾದ ಎಣ್ಣೆಯ ಗಾತ್ರ ಗಣನೀಯವಾಗಿ ಹಿಗ್ಗಿರುತ್ತದೆ. ಹಾಲಿನ ಅಂಕಿ 1.03, ಆದ್ದರಿಂದ 40 ಲೀಟರಿನ ಕ್ಯಾನಿನಲ್ಲಿ, ಕ್ಯಾನಿನ ತೂಕ ಕಳೆದು, 41.2 ಕಿಲೋ ಇರಬೇಕು. ಲೀಟರ್ ಅಳೆಯುವುದಕ್ಕಿಂತ ಕ್ಯಾನನ್ನು ಕಾಂಟಾದ ಮೇಲೆ ಇಡುವುದೇ ಬೇಗ ಆಗುವ ಕೆಲಸ.

ಹಿಟ್ಟು, ರವೆ, ಉಪ್ಪುಗಳಿಗೆ ನನ್ನ ಪಟ್ಟಿಯಲ್ಲಿ ಕಾಯಂ ಅಂಕಿ ಇಲ್ಲ. ಜರಡಿ ಹಿಡಿದ ಮೈದಾ ಮತ್ತು ಅದುಮಿದ ಮೈದಾ ಒಂದೇ ಪಾವಿನಲ್ಲಿ ಬೇರೆಬೇರೆ ತೂಗುತ್ತವೆ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಹೆಚ್ಚಿರುವುದರಿಂದ ಪುಡಿ ಉಪ್ಪಿಗಿಂತ ಅದು ಹಗುರ. ಪುಡಿ ಉಪ್ಪಿನ ಹೊಸ ಚೀಲ ಒಡೆದ ದಿನ ಕಲ್ಲುಪ್ಪಿನ ಅಳತೆಯಲ್ಲೇ ಹಾಕಿದರೆ ಸಾಂಬಾರು ಬಾಯಿಗಿಡಲಾಗದು. ಆದ್ದರಿಂದ ಪ್ರತಿ ಹೊಸ ಚೀಲದಿಂದ ಭಟ್ಟರ ಪಾವಿನಲ್ಲಿ ಒಮ್ಮೆ ತುಂಬಿ, ಅಂಚಿಗೆ ಸರಿಯಾಗಿ ಬಳಿದು, ತೂಗಿ, ಆ ಅಂಕಿಯನ್ನು ಚೀಲದ ಮೇಲೆಯೇ ಬರೆದಿಡುತ್ತೇನೆ. "ತೂಗುತ್ತಾ ಕೂತರೆ ಇಡ್ಲಿ ಬೇಯುವುದು ಯಾವಾಗ ಮಾರಾಯ್ರೇ?" ಎಂದು ಭಟ್ಟರು ಗೊಣಗಿದ್ದುಂಟು. ಅವರ ಪಾವನ್ನು ನಾನು ಕಿತ್ತುಕೊಂಡಿಲ್ಲ, ಅದರ ತೂಕವನ್ನಷ್ಟೇ ಗುರುತು ಹಾಕಿಕೊಂಡಿದ್ದೇನೆ.

ಇಡ್ಲಿ ಹಿಟ್ಟಿನದು ಇದಕ್ಕಿಂತ ಸೂಕ್ಷ್ಮವಾದ ಪ್ರಕರಣ. ರಾತ್ರಿ ಅರ್ಧ ತಪೇಲೆಯಷ್ಟಿದ್ದ ಹಿಟ್ಟು ಹುಳಿಬಂದು ಬೆಳಿಗ್ಗೆ ಅಂಚಿನ ಹತ್ತಿರ ನಿಂತಿರುತ್ತದೆ, ಆದರೆ ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಹಿಗ್ಗಿಸಿದ್ದು ಒಳಗೆ ಸಿಕ್ಕಿಕೊಂಡ ಅನಿಲ. ಮೇ ತಿಂಗಳಲ್ಲಿ ಹಿಟ್ಟು ಚೆನ್ನಾಗಿ ಉಬ್ಬುವುದರಿಂದ ಒಂದು ಸೌಟು ಹಗುರವಾಗಿರುತ್ತದೆ. ಜನವರಿಯ ತಂಪಿನಲ್ಲಿ ಉಬ್ಬು ಕಡಿಮೆ, ಅದೇ ಸೌಟು ಭಾರ, ಅಷ್ಟೇ ಹಿಟ್ಟಿನಿಂದ ಸಿಗುವ ಇಡ್ಲಿಗಳೂ ಕಡಿಮೆ. ಹಾಗಾಗಿ ಹಿಟ್ಟು ರುಬ್ಬಿ ಮುಗಿದ ರಾತ್ರಿಯೇ ಕಿಲೋ ಲೆಕ್ಕದಲ್ಲಿ ಪುಸ್ತಕಕ್ಕೆ ಏರುತ್ತದೆ, ಮತ್ತು ಬೆಳಿಗ್ಗೆ ಮೊದಲ ತಟ್ಟೆಗೆ ಹೊಯ್ಯುವ ಮುನ್ನ ಒಂದು ಸೌಟು ಹಿಟ್ಟನ್ನು ತೂಗಿ, ಆ ದಿನ ಸೌಟನ್ನು ಎಷ್ಟರ ಮಟ್ಟಿಗೆ ತುಂಬಬೇಕೆಂದು ಭಟ್ಟರಿಗೆ ಹೇಳುತ್ತೇನೆ.