ಬ್ಯಾಟರಿ ಬದಲಿಸುವ ಮೊದಲು ಚಾರ್ಜರ್ ನೋಡಿ

ಮಳೆಗಾಲದಲ್ಲಿ ನಮ್ಮ ಗೋಣಿಕೊಪ್ಪಲಿನ ಮೊಬೈಲ್ ರಿಪೇರಿ ಅಂಗಡಿಗೆ ಬರುವ ದೂರು ಒಂದೇ: "ಅಣ್ಣ, ಕರೆಂಟ್ ಇದ್ದದ್ದೇ ಎರಡು ಗಂಟೆ, ಇಪ್ಪತ್ತು ಪರ್ಸೆಂಟೂ ಏರಲಿಲ್ಲ. ಬ್ಯಾಟರಿ ಹೋಯ್ತಾ?" ನಾನು ಮೊದಲು ಕೇಳುವುದು ಚಾರ್ಜರನ್ನು.

ಅದರ ಮೇಲಿನ ಸಣ್ಣಕ್ಷರ ಓದಿ. ಔಟ್‌ಪುಟ್ 5 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಸಿಗುವುದು 5 ವ್ಯಾಟ್. 5000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಬ್ಯಾಟರಿ ತುಂಬಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಹಾಗಿದ್ದರೂ ಎರಡು ಗಂಟೆಯಲ್ಲಿ ಇಪ್ಪತ್ತೂ ಏರದಿದ್ದರೆ ನನ್ನ ಅನುಮಾನ ಕೇಬಲ್ ಮೇಲೆ. ತೆಳ್ಳಗಿನ, ಉದ್ದದ ವೈರ್ ದಾರಿಯಲ್ಲೇ ವೋಲ್ಟೇಜ್ ತಿನ್ನುತ್ತದೆ. ಪಕ್ಕದ ಮನೆಯ ಗಟ್ಟಿ, ಗಿಡ್ಡ ಕೇಬಲ್ ಹಾಕಿ ನೋಡಿ. ಚಾರ್ಜರ್ ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ಗೊತ್ತಾಗುವುದಿಲ್ಲ.

ಆಮೇಲೆ ಫೋನಿನ ಚಾರ್ಜಿಂಗ್ ತೂತು. ತೋಟದ ಕೆಲಸದವರ ಜೇಬಿನ ನೂಲು, ಧೂಳು ಒಳಗೆ ಒತ್ತಿಕೊಂಡು ಪಿನ್ ಪೂರ್ತಿ ಕೂರುವುದಿಲ್ಲ. ಫೋನ್ ಆಫ್ ಮಾಡಿ, ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ. ಸೇಫ್ಟಿ ಪಿನ್ ಖಂಡಿತ ಬೇಡ. ಒದ್ದೆಯಾಗಿದ್ದರೆ ಗಾಳಿಗಿಡಿ, ಒಲೆ ಮೇಲಿನ ಅಟ್ಟ ಒಣಮೀನಿಗೆ ಸರಿ, ಫೋನಿಗಲ್ಲ.

ಲ್ಯಾಪ್‌ಟಾಪಿನ ಹಳೇ ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್ ಅಷ್ಟೇ, ಫೋನ್ ಚಾರ್ಜಿಗೆ ಅದನ್ನು ನಂಬಬೇಡಿ.

ಸಿಗ್ನಲ್ ಸಿಗದ ತೋಟದ ಮನೆಯಲ್ಲಿ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡುತ್ತದೆ. ಚಾರ್ಜಿಗಿಟ್ಟಾಗ ಏರ್‌ಪ್ಲೇನ್ ಮೋಡ್ ಹಾಕಿ.